ಶಿರವಾಳದ ಹುಳುವಿಗೆ ಅತ್ತೆಯ ಹೆಸರು

ಶಹಾಪುರ
೧೪ ಸೆಪ್ಟೆಂಬರ್ ೨೦೨೫

ಹುಣಸಗಿಯಲ್ಲಿ ಸಿಟ್ಟು ಮಾಡಿಕೊಂಡು ಕೂತಿರುವ ಶಿವಬಸಮ್ಮ ಅತ್ತೆಗೆ, ಅಣ್ಣನ ಮಗಳು ಮೌನೇಶ್ವರಿಯ ಶರಣು.

ಫೋನ್ ಮಾಡಿದಾಗಲೆಲ್ಲ ಮರಿಲಿಂಗಪ್ಪ ಮಾವನೇ ಎತ್ತಿ, "ನಿಮ್ಮತ್ತಿ ಜಳಕಕ್ಕ ಹೋಗ್ಯಾಳವಾ" ಅನ್ನುತ್ತಾರೆ. ಹಿಂದೆ ನಿಂತು ನೀನು ಹೇಳಿಕೊಡುವುದು ನನಗೂ ಕೇಳಿಸುತ್ತದೆ. ಇಷ್ಟೊಂದು ಜಳಕ ಮಾಡಿದರೆ ನಿಮ್ಮೂರ ಕಾಲುವೆ ಬತ್ತೀತು! ಅದಕ್ಕೇ ಈ ಪತ್ರ.

ನಮ್ಮ ಮನೆತನದಲ್ಲಿ ತೀರಿಹೋದ ಹಿರಿಯರ ಹೆಸರನ್ನೇ ಕೂಸುಗಳಿಗೆ ಇಡುತ್ತಾರೆ. ಸೋದರತ್ತೆಯಾಗಿ ಅಷ್ಟೂ ಹೆಸರುಗಳನ್ನು ಕೂಸುಗಳ ಕಿವಿಯಲ್ಲಿ "ಕುರ್ರ್" ಎಂದು ಊದಿ, ಪದ್ಧತಿಯಂತೆ ಹೆಂಗಸರಿಂದ ಬೆನ್ನಿಗೆ ಗುದ್ದು ತಿಂದವಳು ನೀನು. ಶಿರವಾಳದ ಗುಡಿಯ ಕಲ್ಲುಸಂದಿಯಲ್ಲಿ ಸಾಸಿವೆಯಷ್ಟಿರುವ ಹೊಸ ಜಾತಿಯ ಬಸವನಹುಳು ಸಿಕ್ಕಿದೆ, ಹೆಸರಿಡಬೇಕು ಎಂದು ನಾನು ಬಾಯಿ ತೆರೆದದ್ದೇ ತಡ, "ನಾ ಸತ್ತ ಮ್ಯಾಲ ಇಟ್ಟರ ಕೇಳಾಕ ನಾ ಎಲ್ಲಿರ್ತೀನಿ? ಈ ಹುಳಕ್ಕ ನನ್ನ ಹೆಸರ ಇಡು" ಎಂದು ನೀನು ಪಟ್ಟು ಹಿಡಿದೆ. ನಾನೂ ಖುಷಿಯಿಂದ ಒಪ್ಪಿದೆ. ಮರುದಿನವೇ ಹೆಸರಿಡುವ ಶಾಸ್ತ್ರಕ್ಕೆಂದು ಗುಗ್ಗರಿ ಕಟ್ಟಿಕೊಂಡು ಬಸ್ಸು ಹತ್ತಿ ಬರುತ್ತೀ ಎಂದು ಯಾರಿಗೆ ಗೊತ್ತಿತ್ತು?

ನಾನು ಚಹಾ ಇಡಲು ಹೋಗಿದ್ದೆ. ಬಂದು ನೋಡಿದರೆ ನಾನು ಸಂಶೋಧನೆಗೆಂದು ಹುಳು ಕೂಡಿಸಿಟ್ಟಿದ್ದ ಶಿರವಾಳದ ಡಬ್ಬಿ, ಸುರಪುರ ಗುಡ್ಡದ ಡಬ್ಬಿ ಎರಡನ್ನೂ ಒಂದೇ ಮೊರಕ್ಕೆ ಸುರುವಿ, ಮೊರವನ್ನು ತೊಟ್ಟಿಲಿನಂತೆ ತೂಗುತ್ತಿದ್ದೀ. ಸುತ್ತ ಓಣಿಯ ಹೆಂಗಸರು ನೆರೆದಿದ್ದರು. ನೀನು ಒಣಗಿದ ಹುಳುಗಳ ಮೇಲೆ ಬಾಗಿ "ಕುರ್ರ್" ಎಂದೆ. ನನ್ನ ಬಾಡಿಗೆ ಮನೆಯೊಡತಿ ಗೌಹರಬೇಗಂ ನಿನ್ನ ಬೆನ್ನಿಗೊಂದು ಬಿಗಿದರು. ನಿನ್ನ ಉಸಿರಿಗೆ ಅರ್ಧ ಹುಳುಗಳು ಹಾರಿ ಮಂಚದ ಕೆಳಗೆ ಸೇರಿದವು.

"ಅತ್ತಿ, ನಿನಗೇನ ಬುದ್ಧಿ ಐತೋ ಇಲ್ಲೋ?" ಎಂದು ಅಷ್ಟು ಜನರ ಮುಂದೆ ನಾನು ಒದರಬಾರದಿತ್ತು. ನೀನು ಚಹಾವನ್ನೂ ಕುಡಿಯದೆ ಹೊರಟುಹೋದೆ. ಆಮೇಲೆ ಗೌಹರಬೇಗಂ ನನಗೆ ಚೆನ್ನಾಗಿಯೇ ಬೈದರು. ತಪ್ಪಾಯಿತು ಅತ್ತೆ. ನೀನು ಮಾತು ಬಿಟ್ಟ ಮೇಲೆ ನನಗೆ ಊಟವೂ ಸೇರುತ್ತಿಲ್ಲ.

ಇನ್ನೊಂದು ಕೆಟ್ಟ ಸುದ್ದಿಯಿದೆ. ಯಾವ ಹುಳು ಯಾವ ಊರಿನದೆಂದು ತಿಳಿಯದೆ, ಒಂದೊಂದನ್ನೂ ಡಿಎನ್‌ಎ ಪರೀಕ್ಷೆಗೆ ಕಳಿಸಬೇಕಾಯಿತು. ಶಿರವಾಳದ ಹುಳು ಹೊಸದಲ್ಲವಂತೆ. ಯಾರೋ ಹಿಂದೆಯೇ ಹೆಸರಿಟ್ಟ ಹಳೆಯ ಜಾತಿ. ಸಂದಿಯ ತೇವಕ್ಕೆ ಚಿಪ್ಪು ತುಸು ಉದ್ದ ಬೆಳೆದಿದೆ, ಅಷ್ಟೇ. ಬರೀ ಚಿಪ್ಪು ನೋಡಿ ನಿನಗೆ ಆಸೆ ಹಚ್ಚಿದವಳು ನಾನೇ. ಅದಕ್ಕೆ ನಿನ್ನ ಹೆಸರು ಇಡಲು ಬರುವುದಿಲ್ಲ. ವರದಿ ಓದಿ ಅತ್ತೂಬಿಟ್ಟೆ.

ಸಿಟ್ಟು ಇಳಿದಿದ್ದರೆ ಫೋನು ನೀನೇ ಎತ್ತು.

ನಿನ್ನ ಬಾಯಿಬಡಕ ಸೊಸೆ,
ಮೌನೇಶ್ವರಿ

ತಾ.ಕ.: ಇದನ್ನು ಮೊದಲೇ ಬರೆದಿದ್ದರೆ, ನನ್ನ ಕ್ಷಮೆ ಓದದೆ ಪತ್ರ ಹಿಡಿದು ಓಣಿಗೆ ಓಡುತ್ತಿದ್ದೆ ನೀನು. ನೀನು ಬೆರೆಸಿದ ರಾಶಿಯಲ್ಲಿ, ಸಾಧಾರಣ ಹುಳುವೆಂದು ನಾನು ಕಡೆಗಣಿಸಿದ್ದ ಕೆಲವು ಡಿಎನ್‌ಎಯಲ್ಲಿ ಬೇರೆಯೇ ಬಂದಿವೆ. ಭೂತಗನ್ನಡಿಯಲ್ಲಿ ನೋಡಿದರೆ ಚಿಪ್ಪಿನ ಬಾಯೊಳಗೆ ಒಂದು ಪುಟ್ಟ ಹಲ್ಲು! ಸುರಪುರದ ಗುಡ್ಡ ಹತ್ತಿ ಹುಡುಕಿದೆ, ಅಲ್ಲೇ ಸಿಕ್ಕವು. ಇದು ಖರೇ ಹೊಸ ಜಾತಿ. ನಿನ್ನ ಹೆಸರನ್ನೇ ಇಟ್ಟು ವಿಜ್ಞಾನ ಪತ್ರಿಕೆಗೆ ಲೇಖನ ಕಳಿಸಿದೆ, ನಿನ್ನೆ ಒಪ್ಪಿಗೆ ಬಂತು. ಒಂದು ಮಾತು, ಈ ಜಾತಿಯ ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಮಾವನಿಗೆ ಮಾತ್ರ ಹೇಳಬೇಡ, ಅರ್ಧ ಹೆಸರು ತಮ್ಮದೂ ಸೇರಿಸು ಎಂದು ಗಂಟುಬಿದ್ದಾರು.