ಗುಡ್ಡದ ಮೇಲಿನ ಮಳೆ

ಗುಡೂರು, ತಾ. ಹುನಗುಂದ, ಜಿ. ವಿಜಾಪುರ
೭ ಅಕ್ಟೋಬರ್ ೧೯೮೪

ಬೋರವ್ವನ ಅಪ್ಪನವರಿಗೆ ರಂಗವ್ವ ಮಾಡುವ ನಮಸ್ಕಾರಗಳು.

ಮಗಳು ಹೋಗಿ ಮೂರು ವರ್ಷವಾಯಿತು. ಆದರೂ ನಿಮ್ಮನ್ನು ಬೇರೆ ಹೆಸರಿನಿಂದ ಕರೆಯಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಹೀಗೆ ಬರೆದೆ. ನಿಮ್ಮ ಆರೋಗ್ಯ ಹೇಗಿದೆ? ಸಿಂಧನೂರು ಕಡೆ ಗದ್ದೆಯ ಕೆಸರಿನಲ್ಲಿ ಕುರಿಗಳ ಕಾಲು ಕೊಳೆಯುತ್ತಿವೆ ಎಂದು ಅಲ್ಲಿಂದ ಬಂದ ನಿಮ್ಮ ತಮ್ಮ ಮುತ್ತಪ್ಪ ಹೇಳಿದ. ನಿಮ್ಮ ಮೊಣಕಾಲಿನ ನೋವಿನ ಬಗ್ಗೆ ಕೇಳಿದರೆ ಮತ್ತೆ ಕುರಿಗಳ ಮಾತಿಗೇ ಹೋದ. ಅತ್ತೆಯವರು ಗಟ್ಟಿಯಾಗಿದ್ದಾರೆ, ಕಣ್ಣು ಮಾತ್ರ ಮಂಜಾಗಿದೆ. ದಿನಾ ಹೊತ್ತು ಮುಳುಗುವಾಗ ಬಾಗಿಲಿಗೆ ಬಂದು "ಚಂದಪ್ಪ ಬಂದನೇನ?" ಎಂದು ಕೇಳುತ್ತಾರೆ. ಜೋಳದ ಹಿಟ್ಟು, ಶೇಂಗಾ ಚಟ್ನಿ, ಹೊಸ ಕಂಬಳಿ ಕಳಿಸಿದ್ದೇನೆ. ಈ ಪತ್ರವನ್ನು ಮುತ್ತಪ್ಪನ ಕೈಲಿ ಓದಿಸಬೇಡಿ. ತಡವಾದರೂ ಒಂದೊಂದೇ ಅಕ್ಷರ ಕೂಡಿಸಿ ನೀವೇ ಓದಿ.

ಹೋದ ವರ್ಷ ಬಾಗಲಕೋಟೆಯ ವಿದ್ಯಾಗಿರಿಯಿಂದ ಅಂದಾನಪ್ಪ ಎಂಬ ಕಾಲೇಜಿನ ಮಾಸ್ತರರು ನಮ್ಮೂರಿಗೆ ಬಂದಿದ್ದರು. ಪಂಚಾಯಿತಿ ಕಟ್ಟೆಯ ಮೇಲೆ ಕೂತು, "ರೇಡಿಯೋದಾಗ ಉತ್ತರ ಒಳನಾಡಿನ ಅಲ್ಲಲ್ಲಿ ಮಳಿ ಅಂತಾರ. ಆ ಅಲ್ಲಲ್ಲಿ ಅನ್ನೂದು ಎಲ್ಲಿ ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಊರೂರಿನವರು ನೋಡಿ ಹೇಳಿದ್ರ ಗೊತ್ತಾಗತೈತಿ" ಎಂದರು. ಬಾದಾಮಿ ಕಡೆಯ ಗುಡ್ಡದಿಂದ ಹಿಡಿದು ಇಲಕಲ್ಲಿನವರೆಗೆ ಊರಿಗೊಬ್ಬರಂತೆ ಆರಿಸಿ ಮಳೆ ಅಳೆಯುವ ಡಬ್ಬಿ ಕೊಟ್ಟರು. ದಿನದ ಮಳೆಯನ್ನು ಕಾರ್ಡಿನಲ್ಲಿ ಬರೆದು ಹಾಕಬೇಕು, ಜೋರಾಗಿ ಬಂದರೆ ಅಂಚೆಮನೆಯ ಫೋನಿನಿಂದ ಕೆಳಗಿನ ಊರಿಗೆ ಕೂಡಲೇ ತಿಳಿಸಬೇಕು. ನಮ್ಮೂರಲ್ಲಿ ಗಂಡಸರು ಯಾರೂ ಮುಂದೆ ಬರಲಿಲ್ಲ. ತುಳಸಿಗೇರಿ ಸಾಲೆಯಲ್ಲಿ ಏಳನೆಯ ಇಯತ್ತೆ ಕಲಿತವಳು ನಾನು, ಡಬ್ಬಿ ಇಸಿದುಕೊಂಡೆ. ಯಾಕೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಮೊದಲ ಸಲ ಮೇಲಿನ ಊರಿನಿಂದ ಸುದ್ದಿ ಬಂದಾಗ ನಾನು ಊರೆಲ್ಲ ಕೂಗಿಕೊಂಡು ಹೋಗಿ ಜನರನ್ನು ಹಳ್ಳಕ್ಕಿಳಿಯದಂತೆ ತಡೆದೆ. ಸಂಜೆಯವರೆಗೆ ಕಾದರೂ ಒಂದು ಹನಿ ನೀರು ಬರಲಿಲ್ಲ. ಜನ ನಕ್ಕರು. ಮಗಳು ಹೋದಮೇಲೆ ಇವಳ ತಲೆ ಕೆಟ್ಟಿದೆ ಎಂದರು. ನಾನು ಅಳುತ್ತ ಮಾಸ್ತರರಿಗೆ ಬರೆದೆ. "ನೀರು ಬರಲಿಲ್ಲ ಅನ್ನೂದೂ ನನಗ ಸುದ್ದೀನ ತಂಗಿ, ಅದನ್ನೂ ತಪ್ಪದ ಬರಿ" ಎಂದು ಅವರೇ ಬಂದು ಹೇಳಿದರು. ಆ ಮಳೆ ಗುಡ್ಡದ ಆಚೆ ಇಳಿಜಾರಿಗೆ ಬಿದ್ದು ಮಲಪ್ರಭೆಯ ಪಾಲಾಗಿತ್ತಂತೆ. ಆಮೇಲೆ ಗುಡ್ಡದ ಈ ಬದಿಗೆ ಇನ್ನೊಬ್ಬರನ್ನು ನೇಮಿಸಿದರು. ಅವಳ ಹೆಸರು ಅಮೀನಬಿ, ದಾರಿಯ ಬದಿಯಲ್ಲಿ ಚಹಾದ ಅಂಗಡಿ ಇಟ್ಟುಕೊಂಡಿದ್ದಾಳೆ.

ಈ ಬೇಸಿಗೆಯಲ್ಲಿ ಮಾಸ್ತರರು ನಮ್ಮನ್ನೆಲ್ಲ ವಿದ್ಯಾಗಿರಿಗೆ ಕರೆಸಿದ್ದರು. ಉಪ್ಪಿಟ್ಟು ತಿನ್ನುವಾಗ ಅಮೀನಬಿ ನನ್ನ ಪಕ್ಕ ಬಂದು ಕೂತಳು. ಯಾವೂರು ಎಂದು ಕೇಳಿ, ಗುಡೂರು ಎಂದ ಕೂಡಲೇ, "ಆ ವರ್ಷ ಹಳ್ಳದಾಗ ಒಂದು ಕೂಸು ಹೋತಂತಲ್ಲ?" ಎಂದಳು. ನನ್ನದೇ ಎಂದೆ. ಅವಳು ತಟ್ಟೆ ಕೆಳಗಿಟ್ಟಳು. "ಅವತ್ತ ನಮ್ಮ ಗುಡ್ಡದ ಮ್ಯಾಲ ಕೊಡದಲೆ ಸುರುವಿದಂಗ ಮಳಿ ಆತವ್ವಾ. ಬಾಗಲದಾಗ ನಿಂತು ನೋಡಿದೆ. ಕೆಳಗ ಯಾರಿಗೆ ಹೇಳಬೇಕು ಅಂತ ನನಗ ಗೊತ್ತಿರಲಿಲ್ಲ" ಎಂದು ನನ್ನನ್ನು ತಬ್ಬಿಕೊಂಡು ಅತ್ತಳು. ನೋಡಿರಿ, ನಮ್ಮ ಮಗಳ ಸಾವು ಒಬ್ಬಳ ಕಣ್ಣಿಗೆ ಮೊದಲೇ ಕಂಡಿತ್ತು. ನಮಗೆ ಕಂಡದ್ದು ನಮ್ಮ ತಲೆಯ ಮೇಲಿನ ಬಿಸಿಲು. "ಮೋಡಿಲ್ಲ ಏನಿಲ್ಲ, ದಾಟವ್ವಾ" ಎಂದಿರಿ. ಕುರಿಮರಿಯನ್ನು ಹೆಗಲಿಗೇರಿಸಿಕೊಂಡು ಹಳ್ಳಕ್ಕಿಳಿದಳು. ನಾನು ನಿಮ್ಮ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ.

ಹೋದ ವಾರ ಹಸ್ತ ಮಳೆಯಲ್ಲಿ ನಡೆದದ್ದನ್ನು ಹೇಳಬೇಕು. ಊರಲ್ಲಿ ಸುಡುವ ಬಿಸಿಲು. ಅಮೀನಬಿಯ ಫೋನು ಬಂದಿದೆ ಎಂದು ಅಂಚೆಯವರು ಕೂಗಿದ ಕೂಡಲೇ ಹಳ್ಳಕ್ಕೆ ಓಡಿದೆ. ಕಲ್ಲಪ್ಪ ಶೇಂಗಾ ಕೀಳುವ ಹೆಂಗಸರನ್ನು ಚಕ್ಕಡಿಯಲ್ಲಿ ತುಂಬಿಕೊಂಡು ದಂಡೆಯಿಂದ ಇಳಿಯುತ್ತಿದ್ದ. ನಾನು ಎತ್ತುಗಳ ಮುಂದೆ ಅಡ್ಡ ನಿಂತೆ.

"ಮ್ಯಾಲ ನೋಡಬೇ, ಒಂದರ ಮೋಡ ಐತೇನು? ಸರಿ ಅತ್ತಾಗ!" ಎಂದು ಗದರಿದ.

"ನನ್ನ ಮ್ಯಾಲ ಹೊಡಕೊಂಡು ಹೋಗು" ಎಂದೆ.

ಚಕ್ಕಡಿಯಲ್ಲಿ ಸಿದ್ದವ್ವನ ತೊಡೆಯ ಮೇಲೆ ಅವಳ ಮಗಳು ಮಲಗಿದ್ದಳು. ಸಿದ್ದವ್ವ ನನ್ನ ಮುಖ ನೋಡಿದಳು, ಕೂಸನ್ನೆತ್ತಿಕೊಂಡು ಕೆಳಗಿಳಿದಳು. ಉಳಿದವರೂ ಗೊಣಗುತ್ತ ಇಳಿದರು. ಸ್ವಲ್ಪ ಹೊತ್ತಿಗೆ ನೀರಿನ ಸದ್ದು ಕೇಳಿತು. ಆಮೇಲೆ ಕೆಂಪು ನೀರು ಜಾಲಿ ಗಿಡಗಳನ್ನು ಬುಡಸಮೇತ ಉರುಳಿಸುತ್ತ ನಮ್ಮ ಕಣ್ಣೆದುರಿಗೇ ಹಳ್ಳ ತುಂಬಿ ಹರಿಯಿತು. ಕಲ್ಲಪ್ಪ ಎತ್ತಿನ ಹಗ್ಗ ಹಿಡಿದುಕೊಂಡೇ ನನ್ನ ಕಾಲಿಗೆ ಬಿದ್ದ. ಹೆಂಗಸರು ನನ್ನನ್ನು ದೇವರಂತೆ ಮುಟ್ಟಿ ಕೈಮುಗಿದರು. ನನಗೆ ಸಂತೋಷವಾಗಲಿಲ್ಲ, ನಿಮ್ಮ ಮುಂದೆ ಯಾಕೆ ಸುಳ್ಳು ಹೇಳಲಿ? ದಂಡೆಯ ಮೇಲೆ ಕುಸಿದು ಕೂತು, ಇಷ್ಟೇ ಸಾಕಿತ್ತಲ್ಲ, ಯಾರಾದರೂ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ ಎಂದು ಬೋರಾಡಿ ಅತ್ತೆ. ಸಿದ್ದವ್ವ ತನ್ನ ಮಗಳನ್ನು ನನಗೆ ಕಾಣದ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡಳು. ಅವಳಿಗೆ ತಿಳಿಯಿತು.

ಮರುದಿನ ಬೆಳಿಗ್ಗೆ ಎದ್ದು ಡಬ್ಬಿ ನೋಡಿದೆ, ಕಾರ್ಡು ಬರೆದು ಹಾಕಿದೆ. ನಮ್ಮೂರಲ್ಲಿ ಮಳೆ ಇಲ್ಲ.

ಬೀರಪ್ಪ ನಿಮ್ಮನ್ನೂ ಕುರಿಗಳನ್ನೂ ಕಾಯಲಿ. ಹೊತ್ತಿಗೆ ಸರಿಯಾಗಿ ಊಟ ಮಾಡಿರಿ.

ನಿಮ್ಮ ದಾರಿ ಕಾಯುವ,
ರಂಗವ್ವ

ತಾ.ಕ.: ಮುತ್ತಪ್ಪ ಗಂಟು ಕಟ್ಟುತ್ತ ಈಗಷ್ಟೇ ಒಂದು ಮಾತು ಹೇಳಿಬಿಟ್ಟ. "ಅಣ್ಣ ಹಳ್ಳ ಕಂಡ್ರ ಕೂತಬಿಡ್ತಾನ ವೈನಿ. ಒಣಾ ಹಳ್ಳ ಇದ್ರೂ ಇಳಿಯಾಂಗಿಲ್ಲ. ಊರಿಗೆ ಬರಾಕ ಆಗವಲ್ದು ಅವಗ" ಎಂದ. ನನಗೆ ಇದು ತಿಳಿದಿರಲಿಲ್ಲ. ನನ್ನ ಮುಖ ನೋಡಲು ಮನಸ್ಸಿಲ್ಲದೆ ದೂರ ಉಳಿದಿದ್ದೀರಿ ಎಂದುಕೊಂಡಿದ್ದೆ. ದೀಪಾವಳಿಗೆ ಆಚೆ ದಂಡೆಯ ತನಕ ಬನ್ನಿರಿ, ಅಲ್ಲೇ ಕೂತಿರಿ. ನೀವು ಹಳ್ಳ ದಾಟುವುದು ಬೇಡ. ನಾನೇ ದಾಟಿ ಬರುತ್ತೇನೆ.