ನೀನು ಓದಿದ ಕೊನೇ ಪುಟ

ಬದನವಾಳು
14-7-2024

ಪ್ರೀತಿಯ ದೇವೀರಿಗೆ ನಿನ್ನ ಮರಿತಾಯಿಯ ನಮಸ್ಕಾರ.

ನರಸೀಪುರದಲ್ಲಿ ಮಗಳ ಮನೆಯಲ್ಲಿ ಸುಖವಾಗಿದ್ದೀಯ ಎಂದುಕೊಂಡಿದ್ದೇನೆ. ನೀನು ಊರು ಬಿಟ್ಟು ಐದು ವರ್ಷಕ್ಕೆ ಕಾಗದ ಬರೆಯುತ್ತಿದ್ದೇನೆ, ಬೈಯಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಅಳು ಬರುತ್ತದೆ, ಮಾತು ಬರುವುದಿಲ್ಲ. ಅಕ್ಷರ ಕಲಿಯುವುದಕ್ಕೇ ಇಷ್ಟು ಕಾಲ ಹಿಡಿಯಿತು. ಕಲಿಸಿದವಳು ಸೊಸೆ ಪವಿತ್ರ. "ಅತ್ತೆ, ನಿಮ್ ಬರವಣಿಗೆ ನೋಡುದ್ರೆ ಮಗೀಗೂ ನಗು ಬತ್ತದೆ" ಅನ್ನುತ್ತಾಳೆ. ನಗಲಿ ಬಿಡು.

ಓದಲು ಬಂದ ಮೇಲೆ ಮೊದಲು ಹುಡುಕಿದ್ದು ನಮ್ಮ ಕಾದಂಬರಿಯನ್ನು. ನೆನಪಿದೆಯಾ? ನೂಲುವ ಕೋಣೆಯಲ್ಲಿ ನೀನು ಓದುತ್ತಿದ್ದೆ, ನಿನ್ನ ಪಾಲಿನ ನೂಲಿನ ಲಡಿಗಳನ್ನು ನಾವು ನಾಲ್ವರು ನೂತು ಕೊಡುತ್ತಿದ್ದೆವು. ಬಿಟ್ಟುಹೋದ ಗಂಡನಿಗಾಗಿ ದಿನಾ ಹೊಳೆದಂಡೆಗೆ ಹೋಗಿ ನಿಲ್ಲುವ ಹೆಂಗಸಿನ ಕಥೆ. "ಇವ್ಳು ನಮ್ ಮರಿತಾಯೇ ಕಣೆ" ಎಂದು ಮುತ್ತಮ್ಮ ಅಂದಾಗ ಎಲ್ಲರೂ ನನ್ನ ಮುಖ ನೋಡಿದ್ದರು. ನನ್ನವನು ಮನೆ ಬಿಟ್ಟು ಹೋಗಿ ಆಗಲೇ ಎಂಟು ವರ್ಷ. ಕೊನೇ ದಿನ ನೀನು ಓದಿದೆ: ಗಂಡ ದೋಣಿಯಿಂದ ಇಳಿದ, ಅವಳ ಬಿಂದಿಗೆಯನ್ನು ತಾನೇ ಎತ್ತಿಕೊಂಡ. ರಾಟೆಗಳೆಲ್ಲ ನಿಂತವು. ನಾನು ಸೆರಗು ಬಾಯಿಗಿಟ್ಟು ಅತ್ತೆ.

ಪುಸ್ತಕ ನಂಜನಗೂಡಿನ ಲೈಬ್ರರಿಯಲ್ಲಿ ಸಿಕ್ಕಿತು. ಬೆರಳಿಟ್ಟು ಓದಿ ಮುಗಿಸಲು ಎರಡು ತಿಂಗಳಾಯಿತು. ಅದರಲ್ಲಿ ಅವನು ಬರುವುದೇ ಇಲ್ಲವಲ್ಲೇ! ಒಂದು ಸಂಜೆ ಅವಳೇ "ಇನ್ನು ಸಾಕು" ಎಂದು ಹೊಳೆಗೆ ಬೆನ್ನು ಹಾಕಿ, ಮನೆಗೆ ಬಂದು ಒಲೆ ಹಚ್ಚುತ್ತಾಳೆ. ಹಾಳೆ ಹರಿದುಹೋಗಿದೆಯೇನೋ ಎಂದು ಲೈಬ್ರರಿಯ ಗುರುಮಲ್ಲಪ್ಪನಿಗೆ ತೋರಿಸಿದೆ. "ಅಲ್ಲಿಗೇ ಮುಗೀತದೆ ಕಣವ್ವ" ಎಂದ.

ಆ ದೋಣಿ, ಆ ಬಿಂದಿಗೆ ಎಲ್ಲ ನಿನ್ನ ಬಾಯಿಂದ ಹುಟ್ಟಿದ್ದು. ನನಗೋಸ್ಕರ ಹಾಗೆ ಓದಿದೆ ಎಂದು ಗೊತ್ತು ಕಣೆ. ಆ ಬಿಂದಿಗೆಯನ್ನು ನಂಬಿಕೊಂಡು ಹನ್ನೆರಡು ವರ್ಷ ದೂಡಿದೆ. ಆದರೂ ನೀನೊಮ್ಮೆ ಬಂದು ಪಕ್ಕದಲ್ಲಿ ಕೂತು ಓದಬೇಕೆಂದು ಜೀವ ಹಂಬಲಿಸುತ್ತದೆ.

ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಮೊಣಕಾಲು ನೋವು ಬೇಗ ವಾಸಿಯಾಗಲಿ.

ನಿನ್ನ
ಮರಿತಾಯಮ್ಮ

ಮೇಲೆ ಬರೆಯಲಾಗದೆ ಉಳಿದದ್ದು: ನೂಲು ತೂಗಿ ಒಯ್ಯುತ್ತಿದ್ದ ದೇವಯ್ಯ ಹೋದ ಸೋಮವಾರ ತೀರಿಕೊಂಡ. ಮಣ್ಣಿಗೆ ಹೋಗಿ ಬಂದೆ. ನಿನಗೂ ಹೇಳಿರಲಿಲ್ಲ, ನೀನು ಆ ಕಾದಂಬರಿ ಓದುತ್ತಿದ್ದ ವರ್ಷ ಅವನು "ಮರಿತಾಯಿ, ಕೂಡಾವಳಿ ಮದ್ವೆ ಮಾಡ್ಕಂಡು ಜೊತೇಲಿ ಇದ್ಬುಡಮ" ಎಂದು ಕೇಳಿದ್ದ. ಕಾದಂಬರಿ ಮುಗಿಯಲಿ, ಹೇಳುತ್ತೇನೆ ಎಂದಿದ್ದೆ. ಹೂಂ ಅನ್ನಬೇಕೆಂದೇ ಮನಸ್ಸು ಮಾಡಿದ್ದೆ. ನೀನು ಕೊನೇ ಪುಟ ಓದಿದ ದಿನ ಅವನೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದ, ನಾನು ಅತ್ತದ್ದನ್ನೂ ನೋಡಿದ. ಆಮೇಲೆ ಉತ್ತರ ಕೇಳಲು ಬರಲೇ ಇಲ್ಲ. ನಾನೂ ಹೋಗಿ ಹೇಳಲಿಲ್ಲ.