ಕೆಂಪಣ್ಣನ ಸರದಿ

ಜೂನ್ 28, ಶನಿವಾರ

ಹಾಲು ತಂದದ್ದಾಯಿತು. ಪೇಪರ್ ಎರಡೂ ಓದಿ ಮುಗಿಯಿತು. ಅಮ್ಮ ಮತ್ತೆ ಮೇಲೆ.

ಅಮಾವಾಸ್ಯೆಯ ಮಾರನೆಯ ದಿನ ನಮ್ಮಲ್ಲಿಗೆ ಬಂದಿದ್ದಾಳೆ. ಒಂದು ತಿಂಗಳು ಕೆಳಗೆ ನಮ್ಮ ಮನೆ, ಒಂದು ತಿಂಗಳು ಮಹಡಿಯಲ್ಲಿ ತಮ್ಮ ಸತೀಶನ ಮನೆ. ಅಪ್ಪ ಹೋದಾಗಿನಿಂದ ಇದೇ ಸರದಿ. ದಿಂಬು ಕೆಳಗಿದೆ, ಎಲೆಅಡಿಕೆ ಚೀಲ ಕೆಳಗಿದೆ. ಅಮ್ಮ ಮಾತ್ರ ಇಲ್ಲ. ಮಂಡಿನೋವು ಅಂತ ದೇವಸ್ಥಾನಕ್ಕೂ ಹೋಗದವಳು ಕಾಫಿ ಕುಡಿದ ಕೂಡಲೇ ಕಂಬಿ ಹಿಡಿದು ಮೆಟ್ಟಿಲು ಹತ್ತುತ್ತಾಳೆ.

"ಎಲ್ಲಿಗಮ್ಮ?"

"ಕೆಂಪಣ್ಣ ಕಾಯ್ತಿರ್ತಾನೆ ಕಣಪ್ಪ. ಒಸಿ ಮಾತಾಡಿಸ್ಕಂಡ್ ಬತ್ತೀನಿ."

ಕೆಂಪಣ್ಣ ಅಂದರೆ ಮೀನು. ಫ್ಲವರ್‌ಹಾರ್ನ್. ಅಂಗೈಗಿಂತ ದೊಡ್ಡದು, ಮೈಯೆಲ್ಲ ಕೆಂಪು, ಹಣೆಯ ಮೇಲೆ ಗಡ್ಡೆಯಂಥ ಉಬ್ಬು. ಸತೀಶ ಬಿಲ್ಡರ್. ವಾಸ್ತುವಿಗೆ ಒಳ್ಳೆಯದು ಅಂತ ಯಾರೋ ಹೇಳಿದರು, ತಂದಿಟ್ಟ. ಈಗ ಅವನು ಅದರ ಕಡೆ ನೋಡುವುದೂ ಇಲ್ಲ. ಸಾಕುತ್ತಿರುವುದು ಅಮ್ಮ.

ಜುಲೈ 1, ಮಂಗಳವಾರ

ಊಟಕ್ಕೆ ಕರೆಯಲು ಮೇಲೆ ಹೋದೆ. ಅಮ್ಮ ಮೀನಿನ ಗಾಜಿನ ತೊಟ್ಟಿಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಕೈ ಆಚೆ ಸರಿಸಿದರೆ ಮೀನು ಆಚೆ, ಈಚೆ ತಂದರೆ ಈಚೆ. ರಾಗಿಮುದ್ದೆಯ ಚೂರು ಉಂಡೆ ಮಾಡಿ ಹಾಕುತ್ತಿದ್ದಳು.

"ತಿನ್ನು ನನ್ ದೊರೆ, ತಿನ್ನು."

ನನ್ ದೊರೆ. ಚಿಕ್ಕವನಿದ್ದಾಗ ಜ್ವರ ಬಂದರೆ ನನ್ನನ್ನು ಹಾಗೆ ಕರೆಯುತ್ತಿದ್ದಳು. ಸತೀಶನನ್ನು ಕರೆದದ್ದು ಕೇಳಿಲ್ಲ. ಅದು ನನ್ನ ಹೆಸರು ಅಂತಲೇ ಅಂದುಕೊಂಡಿದ್ದೆ.

ತೊಟ್ಟಿ ಎರಡೂವರೆ ಅಡಿ. ಈ ಜಾತಿಗೆ ಸಾಲದು. ಬೆಳೆದ ಫ್ಲವರ್‌ಹಾರ್ನ್‌ಗೆ ನಾಲ್ಕು ಅಡಿ ಬೇಕು, ಅದೂ ಒಂದಕ್ಕೇ. ಜೊತೆಗೆ ಇನ್ನೊಂದನ್ನು ಬಿಟ್ಟರೆ ಕಚ್ಚಿ ಸಾಯಿಸುತ್ತದೆ. ಮುದ್ದೆಯೂ ಹಾಕಬಾರದು, ನೀರು ಕೆಡುತ್ತದೆ. ಡೈರಿ ಲ್ಯಾಬಿನಲ್ಲಿ ಮೂವತ್ತು ವರ್ಷದಿಂದ ಹಾಲು ಪರೀಕ್ಷೆ ಮಾಡುತ್ತಿರುವವನು, ಇಷ್ಟು ಓದಿ ತಿಳಿಯಲಾರೆನೇ?

ಹೇಳಲಿಲ್ಲ. ಕೇಳಿದರೆ ಹೇಳುತ್ತೇನೆ. ಯಾರೂ ಕೇಳಿಲ್ಲ.

ಜುಲೈ 6, ಭಾನುವಾರ

ಸಂಜಯನಗರದ ಸಂಗಪ್ಪನ ಸಾಕುಮೀನಿನ ಅಂಗಡಿಗೆ ಹೋದೆ. ತೊಟ್ಟಿ ಆರ್ಡರ್ ಕೊಟ್ಟೆ. ನಾಲ್ಕು ಅಡಿ. ಸತೀಶನದಕ್ಕಿಂತ ದೊಡ್ಡದು... ಅದಕ್ಕಾಗಿ ಅಲ್ಲ. ನೀರು ಹೆಚ್ಚಿದ್ದರೆ ಬೇಗ ಕೆಡುವುದಿಲ್ಲ, ಮೀನಿಗೆ ಒಳ್ಳೆಯದು. ನೀರಿನ ತೂಕವೇ ಇನ್ನೂರೈವತ್ತು ಕೆಜಿ ಬರುತ್ತದೆ. ಕಬ್ಬಿಣದ ಸ್ಟ್ಯಾಂಡ್ ಹೇಳಿದ್ದೇನೆ.

ಸಂಗಪ್ಪ ಗೋಲ್ಡ್‌ಫಿಶ್, ಏಂಜಲ್, ಟೈಗರ್ ಬಾರ್ಬ್, ಗಪ್ಪಿ ಎಲ್ಲಾ ತೋರಿಸಿದ. "ಎಲ್ಲಾ ಒಂದರಾಗ ಬಿಡ್ರಿ ಸರ, ತಾವ ಹೊಂದ್ಕೋತಾವು."

ಹೊಂದಿಕೊಳ್ಳುವುದಿಲ್ಲ ಎಂದೆ. ಗೋಲ್ಡ್‌ಫಿಶ್‌ಗೆ ತಣ್ಣನೆ ನೀರು ಬೇಕು. ಬಾರ್ಬ್ ಉದ್ದ ರೆಕ್ಕೆಯ ಏಂಜಲನ್ನು ಕಚ್ಚುತ್ತದೆ. ಏಂಜಲ್ ಬೆಳೆದ ಮೇಲೆ ಗಪ್ಪಿಯನ್ನು ನುಂಗುತ್ತದೆ.

"ಮತ್ತ ನಾ ಯಾಕ ಅಂಗಡಿ ಇಟ್ಟೀನ್ರಿ? ನೀವ ಇಡ್ರಿ" ಎಂದು ನಕ್ಕ.

ಮನೆಯಲ್ಲಿ ಕಲಾವತಿ: "ಐವತ್ತಾರು ವರ್ಷಕ್ಕೆ ಮೀನಿನ ಜೊತೆ ಜಿದ್ದಾ ರೀ?"

ಜಿದ್ದಲ್ಲ. ಅಮ್ಮನ ಮಂಡಿಯ ವಿಷಯ. ಕೆಳಗೇ ಮೀನಿದ್ದರೆ ಮೆಟ್ಟಿಲು ಹತ್ತುವುದು ತಪ್ಪುತ್ತದೆ.

ಜುಲೈ 15, ಮಂಗಳವಾರ

ತೊಟ್ಟಿ ಬಂದು ಮೂರು ದಿನವಾಯಿತು. ನೀರು, ಮರಳು, ಫಿಲ್ಟರ್, ಲೈಟು. ಮೀನು ಇನ್ನೂ ಇಲ್ಲ. ಹೊಸ ನೀರಿಗೆ ನೇರವಾಗಿ ಮೀನು ಬಿಡಬಾರದು. ಮೀನಿನ ಗಲೀಜನ್ನು ಕರಗಿಸುವ ಬ್ಯಾಕ್ಟೀರಿಯಾ ಮೊದಲು ಫಿಲ್ಟರಿನಲ್ಲಿ ಬೆಳೆಯಬೇಕು. ನಾಲ್ಕು ವಾರ ಹಿಡಿಯುತ್ತದೆ. ದಿನಾ ಚಿಟಿಕೆ ಮೀನಿನ ಕಾಳು ಹಾಕಿ, ಅದು ಕೊಳೆತು ಹುಟ್ಟುವ ವಿಷ, ಅಮೋನಿಯಾ, ಎಷ್ಟಿದೆ ನೋಡುತ್ತಿದ್ದೇನೆ.

ಅಮ್ಮ ಬಂದು ಸೆರಗಿನಲ್ಲಿ ಗಾಜು ಒರೆಸಿ ಒಳಗೆ ಇಣುಕಿದಳು.

"ಎಲ್ಲಿ ಮೀನು?"

"ಇನ್ನೂ ಬಿಟ್ಟಿಲ್ಲಮ್ಮ. ನೀರು ಹದಕ್ಕೆ ಬರಬೇಕು."

"ಬರೀ ನೀರಿಗೆ ಲೈಟ್ ಬೇರೆ!" ಎಂದು ಕಲಾವತಿಯ ಕಡೆ ತಿರುಗಿದಳು. "ನಿನ್ ಗಂಡ ಚಿಕ್ಕೋನಾಗಿದ್ದಾಗ್ಲೂ ಇಂಗೆ ಕಣಮ್ಮ. ಮುದ್ದೆ ಆರ್ಲಿ ಆರ್ಲಿ ಅಂತ ಕೂತಿರೋನು. ಸತೀಶ ಇವ್ನ ತಟ್ಟೇದೂ ತಿಂದ್ಬುಟ್ಟು ಓಗೋನು."

ಇಬ್ಬರೂ ಬಹಳ ಹೊತ್ತು ನಕ್ಕರು. ಅಮ್ಮ ಮೇಲೆ ಹೋದಳು.

ಜುಲೈ 25, ಶುಕ್ರವಾರ

ಅಮಾವಾಸ್ಯೆ ಕಳೆಯಿತು. ಅಮ್ಮನ ದಿಂಬನ್ನು ನಾನೇ ಮೇಲೆ ಕೊಟ್ಟು ಬಂದೆ. ನೀರು ಇನ್ನೂ ಹದಕ್ಕೆ ಬಂದಿಲ್ಲ.

"ಎರಡು ಮೀನಾದ್ರೂ ಬಿಟ್ಟಿದ್ರೆ ಏನಾಗ್ತಿತ್ತು?" ಎಂದಳು ಕಲಾವತಿ.

ಸಾಯುತ್ತಿದ್ದವು. ಹಾಗೆಯೇ ಹೇಳಿದೆ.

ಆಗಸ್ಟ್ 10, ಭಾನುವಾರ

ಅಮೋನಿಯಾ ಸೊನ್ನೆ. ಮೀನು ಬಿಟ್ಟೆ. ಮೋಲಿ, ಪ್ಲಾಟಿ, ಗಪ್ಪಿ. ತಳದಲ್ಲಿ ಓಡಾಡಲು ಕೋರಿಡೋರಸ್. ಗಪ್ಪಿ ಮೋಲಿಗಳಿಗೆ ನಮ್ಮ ಬೋರ್‌ವೆಲ್ ಗಡಸು ನೀರೇ ಸರಿ. ಯಾವುದೂ ಯಾವುದನ್ನೂ ಅಟ್ಟಿಸಿಕೊಂಡು ಹೋಗುತ್ತಿಲ್ಲ. ಹಾಲ್ ದೀಪಾವಳಿಯ ಹಾಗಿದೆ.

ಮೆಟ್ಟಿಲ ಬುಡದಲ್ಲಿ ನಿಂತು ಅಮ್ಮನನ್ನು ಕೂಗಿದೆ. ಮೇಲಿನಿಂದ ಉತ್ತರ: "ಇಳಿಯಕ್ಕಾಗಲ್ಲ ಕಣಪ್ಪ, ಮಂಡಿ ನೋಯ್ತೈತೆ. ಸರದಿ ಬಂದಾಗ ನೋಡ್ತೀನಿ."

ಅಲ್ಲಿಗೆ ಹತ್ತುವಾಗ ನೋಯದ ಮಂಡಿ.

ಆಗಸ್ಟ್ 24, ಭಾನುವಾರ

ಬಂದಳು. ನೋಡಿದಳು.

"ಸೀರೆ ಅಂಗ್ಡಿ ಇದ್ದಂಗೈತೆ!"

ಕುರ್ಚಿ ಹಾಕಿಕೊಟ್ಟೆ. ಗಾಜಿನ ಮೇಲೆ ಕೈ ಆಡಿಸಿದಳು. ಒಂದೂ ಹತ್ತಿರ ಬರಲಿಲ್ಲ. ಮೋಲಿ ಮೋಲಿಯ ಹಿಂದೆ, ಗಪ್ಪಿ ಗಪ್ಪಿಯ ಹಿಂದೆ. ಅಮ್ಮ ಇನ್ನೊಂದು ಕೈಯನ್ನೂ ಇಟ್ಟು ಕರೆದಳು.

"ಇವು ನನ್ ಕಡೆ ನೋಡೋದೇ ಇಲ್ವಲ್ಲ."

"ಅಭ್ಯಾಸ ಆಗ್ಬೇಕಮ್ಮ."

"ಅದಲ್ಲ ಕಣಪ್ಪ. ಇವ್ಕೆ ಒಂದಕ್ಕೊಂದು ಐತೆ. ಅವ್ನು ಒಂಟಿ."

ಎದ್ದಳು. ಕಂಬಿ ಹಿಡಿದ ಸದ್ದು ಕೇಳಿಸಿತು.

ಜೊತೆಯಲ್ಲಿ ಹೊಂದುವ ಮೀನುಗಳನ್ನೇ ಹುಡುಕಿ ತಂದದ್ದು ನಾನು.

ಸೆಪ್ಟೆಂಬರ್ 3, ಬುಧವಾರ

ಕೆಂಪಣ್ಣ ತಿನ್ನುತ್ತಿಲ್ಲವಂತೆ. ಸತೀಶನ ಹೆಂಡತಿ ಮಂಜುಶ್ರೀ ಕೆಳಗಿಳಿದು ಬಂದು ಹೇಳಿದಳು. "ಭಾವ, ನಿಮಗೆ ಇದೆಲ್ಲಾ ಗೊತ್ತಲ್ಲ, ಒಂದ್ಸಲ ಬಂದು ನೋಡ್ತೀರಾ? ಅತ್ತೆ ಬೆಳಿಗ್ಗೆಯಿಂದ ಅದರ ಮುಂದೇ ಕೂತಿದಾರೆ, ಊಟಕ್ಕೂ ಏಳ್ತಿಲ್ಲ."

ಹೋದೆ. ಬಣ್ಣ ಮಾಸಿದೆ. ತಳಕ್ಕೆ ಕೂತು ಕಿವಿರು ಬಡಿಯುತ್ತಿದೆ. ನೀರು ಪರೀಕ್ಷಿಸಿದೆ. ಅಮೋನಿಯಾ ವಿಪರೀತ. ಜೂನ್‌ನಿಂದ ಗೊತ್ತಿದ್ದದ್ದೇ.

ಅರ್ಧ ನೀರು ಬದಲಿಸಿದೆ. ಮುದ್ದೆ ಹಾಕಬಾರದು ಎಂದೆ. ಅಮ್ಮ ನನ್ನ ಕೈ ಹಿಡಿದುಕೊಂಡಳು.

"ಉಳೀತಾನಾ?"

"ನೋಡೋಣ" ಎಂದೆ. ಉಳಿಯಬೇಕಾದರೆ ದೊಡ್ಡ ತೊಟ್ಟಿ ಬೇಕು ಅನ್ನುವುದು ಬಾಯಿಗೆ ಬಂದಿತ್ತು. ಹೇಳಲಿಲ್ಲ. ಮೀನು ಹೋದರೆ ಅಮ್ಮ ಮೇಲೆ ಹೋಗುವ ಕಾರಣವೂ ಹೋಗುತ್ತದೆ. ಈ ಲೆಕ್ಕ ಒಂದು ಕ್ಷಣ ಹಾಕಿದೆ. ಒಂದು ಕ್ಷಣಕ್ಕಿಂತ ಹೆಚ್ಚೇ.

ಸೆಪ್ಟೆಂಬರ್ 5, ಶುಕ್ರವಾರ

ಅಮ್ಮ ಇವತ್ತೂ ಊಟ ಮಾಡಲಿಲ್ಲ. ನನ್ನ ಮನೆಯಲ್ಲಿ, ನನ್ನ ಸರದಿಯಲ್ಲಿ, ಅವನ ಮೀನಿಗಾಗಿ.

ರಾತ್ರಿ ಊಟ ಮುಗಿಸಿ ಸತೀಶನಿಗೆ ಹೇಳಿದೆ: ಕೆಂಪಣ್ಣ ಕೆಳಗೆ ಬರಲಿ, ನನ್ನ ಮೀನು ಮೇಲೆ ಹೋಗಲಿ. ಅವುಗಳಿಗೆ ಎರಡೂವರೆ ಅಡಿ ಸಾಕು.

"ತಗೊಂಡ್ಹೋಗಣ್ಣ, ಅದಕ್ಕೇನಂತೆ" ಎಂದ. ಫೋನಿನಿಂದ ತಲೆಯನ್ನೂ ಎತ್ತಲಿಲ್ಲ.

ಅಷ್ಟು ಸಲೀಸಾಗಿ ಕೊಟ್ಟ. ಇಲ್ಲ ಅಂದಿದ್ದರೆ ಸಮಾಧಾನವಾಗುತ್ತಿತ್ತು.

ಸೆಪ್ಟೆಂಬರ್ 7, ಭಾನುವಾರ

ಮೇಲಿನ ತೊಟ್ಟಿ ಖಾಲಿ ಮಾಡಿ ತೊಳೆದು, ನನ್ನ ತೊಟ್ಟಿಯ ನೀರನ್ನೇ ಹೊತ್ತು ತುಂಬಿ ನನ್ನ ಮೀನು ಬಿಟ್ಟೆ. ಫಿಲ್ಟರ್ ಸ್ಪಂಜು ಅರ್ಧ ಅಲ್ಲಿಗೆ, ಅರ್ಧ ಇಲ್ಲಿಗೆ. ಕೆಂಪಣ್ಣನನ್ನು ಮುಚ್ಚಳದ ಬಕೆಟ್ಟಿನಲ್ಲಿ ಇಳಿಸಿದೆವು. ಮುಚ್ಚಳ ಹಿಡಿದವಳು ಅಮ್ಮ. ಮೆಟ್ಟಿಲಿಗೊಮ್ಮೆ "ಉಷಾರು ಕಣ್ಲಾ" ಎಂದಳು. ನನಗೋ ಮೀನಿಗೋ ತಿಳಿಯಲಿಲ್ಲ.

ನಾಲ್ಕು ಅಡಿಯಲ್ಲಿ ಬಿಟ್ಟಾಗ ಮೂಲೆಯಲ್ಲೇ ನಿಂತಿತ್ತು. ಸಂಜೆ ಹೊತ್ತಿಗೆ ಈ ತುದಿಯಿಂದ ಆ ತುದಿಗೆ ಒಂದು ಸಲ ಹೋಗಿ ಬಂತು.

ಅಮ್ಮ ಒಂದು ಮುದ್ದೆ ಪೂರ್ತಿ ಉಂಡಳು.

ಸೆಪ್ಟೆಂಬರ್ 22, ಸೋಮವಾರ

ಸರದಿ ಮೇಲಿನದು. ಸತೀಶ ದಿಂಬು ಒಯ್ಯಲು ಬಂದ.

"ಇಲ್ಲೇ ಇರ್ತೀನಿ ಬಿಡಪ್ಪ. ಇವ್ನು ಈಗ ಒಸಿ ಚೇತರಿಸ್ಕತಾವ್ನೆ."

ಸತೀಶ ಎತ್ತಿದ ದಿಂಬನ್ನು ಮತ್ತೆ ಮಂಚದ ಮೇಲಿಟ್ಟ. ಬರಿಗೈಯಲ್ಲಿ ಹೋದ. ಅವನ ಮುಖ ನೋಡಬಾರದಿತ್ತು. ನೋಡಿದೆ. ಖುಷಿಯಾಯಿತು.

ಅಕ್ಟೋಬರ್ 9, ಗುರುವಾರ

ಕೆಂಪಣ್ಣನ ಬಣ್ಣ ಪೂರ್ತಿ ಮರಳಿದೆ. ಬೆಳಿಗ್ಗೆ ಸಂಜೆ ಕಾಳು ನಾನೇ ಅಳೆದು ಹಾಕುತ್ತೇನೆ. ಡಬ್ಬಿ ಮೇಲಿನ ಶೆಲ್ಫಿನಲ್ಲಿಟ್ಟಿದ್ದೇನೆ, ಅಮ್ಮನಿಗೆ ಎಟುಕಬಾರದು.

ಇವತ್ತು ಪೇಪರ್ ಹಿಡಿದು ಹಾಲ್‌ಗೆ ಬಂದೆ. ಅಮ್ಮ ಅಂಗೈಯನ್ನು ಗಾಜಿಗೆ ಒತ್ತಿ ಕೂತಿದ್ದಳು. ಕೆಂಪಣ್ಣ ಅವಳ ಕೈ ಬಿಟ್ಟು ನನ್ನ ಕಡೆ ಬಂತು. ಬಾಲ ಬಡಿಯಿತು. ಎಡಕ್ಕೆ ಹೋದೆ, ಎಡಕ್ಕೆ. ಬಲಕ್ಕೆ ಹೋದೆ, ಬಲಕ್ಕೆ.

ಮೀನು ಅನ್ನ ಹಾಕುವವರನ್ನು ಗುರುತಿಸುತ್ತದೆ. ಇದೂ ಓದಿದ್ದೆ.

ಅಮ್ಮ ಕೈ ತೆಗೆದಳು.

ಅಕ್ಟೋಬರ್ 12, ಭಾನುವಾರ

ಎರಡು ದಿನದಿಂದ ಅಮ್ಮ ತೊಟ್ಟಿಯ ಹತ್ತಿರ ಕೂರುತ್ತಿಲ್ಲ. ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡಿದ್ದಾಳೆ.

"ಯಾಕಮ್ಮ, ಕೆಂಪಣ್ಣನ್ನ ಮಾತಾಡಿಸಲ್ವಾ?"

"ನಿನ್ ದೊರೆನಪ್ಪ ಅವ್ನು. ನೀನೇ ಮಾತಾಡ್ಸು."

ಹಾಗೆ ಅಂದವಳ ದನಿ ನನಗೆ ಗೊತ್ತು. ಜೂನ್‌ನಿಂದ ಈ ಮನೆಯಲ್ಲಿ ಅದೇ ದನಿಯಲ್ಲಿ ಮಾತಾಡುತ್ತಿದ್ದವನು ನಾನು.

ಸಂಜೆ ಕಲಾವತಿಯ ಹತ್ತಿರ ದಿಂಬು ಕೇಳಿದಳಂತೆ. "ಮೇಲಕ್ಕೆ ಓಗ್ತೀನಿ ಕಣಮ್ಮ. ಆ ಸಣ್ಣ ಮೀನಾದ್ರೂ ನೋಡ್ಕಂಡಿರ್ತೀನಿ. ಅವು ಯಾರ್‍ನೂ ನೋಡಲ್ಲ, ಬೇಜಾರಿಲ್ಲ."

ನಾಳೆ ಬೆಳಿಗ್ಗೆಯವರೆಗೆ ಅಮ್ಮನನ್ನು ತಡೆದಿಡಲು ಕಲಾವತಿಗೆ ಹೇಳಿದ್ದೇನೆ.

ಅಕ್ಟೋಬರ್ 13, ಸೋಮವಾರ, ಬೆಳಿಗ್ಗೆ

ಕಾಳಿನ ಡಬ್ಬಿ ಕೆಳಗಿಳಿಸಿ ಅಮ್ಮನ ಕೈಗೆ ಕೊಟ್ಟೆ. "ನನಗೆ ಡೈರಿಗೆ ಹೊತ್ತಾಗುತ್ತೆ, ಇನ್ಮೇಲೆ ನೀನೇ ಹಾಕು. ಮುದ್ದೆ ಬೇಕಾದ್ರೆ ಒಂದು ಚೂರು ಹಾಕು." ಮುದ್ದೆ ಹಾಕಬಾರದು. ಹೇಳಿಬಿಟ್ಟೆ. ನೀರು ದಿನಾ ಬದಲಿಸಿದರಾಯಿತು.

ಅಮ್ಮ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಳು. ಕುರ್ಚಿಯನ್ನು ತೊಟ್ಟಿಯ ಕಡೆ ತಿರುಗಿಸಿಕೊಂಡಳು.

ಚಪ್ಪಲಿ ಹಾಕಿಕೊಂಡೆ. ಹೊರಟ ಹಾಗೆ ಬಾಗಿಲು ಎಳೆದೆ. ಹೋಗಲಿಲ್ಲ. ಬಾಗಿಲ ಸಂದಿಯಲ್ಲಿ ಇಣುಕುತ್ತ ನಿಂತೆ. ಅವಳು ಮುಚ್ಚಳ ತೆಗೆದು, ಕಾಳು ಅಂಗೈಗೆ ಹಾಕಿಕೊಂಡು, "ಬಾ ನನ್ ದೊರೆ" ಎಂದಳು. ಮೆಲ್ಲಗೆ, ಎರಡು ಸಲ. ಕೆಂಪಣ್ಣ ತಿರುಗಿತು. ಗಾಜಿನ ಉದ್ದಕ್ಕೂ ಬಂತು. ಅವಳ ಕೈ ದಾಟಿ ಬಾಗಿಲ ಕಡೆಗೇ —